ದರ್ಜಿಯ ಕಾಲು, ಕಯಾಕಿನ ಮೀನು

ನಮ್ಮ ಬೀದಿಯ ದರ್ಜಿಗೆ ಐವತ್ತೆಂಟನೇ ವಯಸ್ಸಿನಲ್ಲಿ ಕಯಾಕಿನಲ್ಲಿ ಕೂತು ಮೀನು ಹಿಡಿಯುವ ಹುಚ್ಚು ಹತ್ತಿತು. ಒಬ್ಬರೇ ಕೂರುವ ಆ ಸಪೂರ ದೋಣಿಯನ್ನು ತಂದು ನಡುಮನೆಯಲ್ಲೇ ಇಟ್ಟ. ಅಡುಗೆಮನೆಗೆ ಹೋಗಬೇಕಾದರೆ ಹೆಂಡತಿ ಅದನ್ನು ದಾಟಿಯೇ ಹೋಗಬೇಕು. ಮೂರು ಭಾನುವಾರ ಕೆರೆಗೆ ಹೋದವನು ಮೂರು ಸಲವೂ ಬರಿಗೈಲಿ ಬಂದ.

“ಈ ವಾರನೂ ಮೀನು ಬರ್ಲಿಲ್ಲ ಅಂದ್ರೆ ನಿಮ್ಮ ದೋಣಿ ಮನೆಯಿಂದಾಚೆ,” ಎಂದಳು ಹೆಂಡತಿ.

“ಗಾಳ ಸರಿ ಇದೆ, ಎರೆಹುಳು ಸರಿ ಇದೆ. ಹತ್ತಿರ ಬಂದ ಮೀನು ಯಾಕೆ ಓಡುತ್ತೆ ಅನ್ನೋದೇ ತಿಳೀತಿಲ್ಲ ಕಣೇ!”

ಅದೇನೆಂದು ನೋಡಿಯೇಬಿಡೋಣವೆಂದು ನಾಲ್ಕನೇ ಭಾನುವಾರ ಅವಳೂ ಹೋಗಿ ದಡದಲ್ಲಿ ಕೂತಳು. ನೀರು ನಿಶ್ಚಲವಾಗಿತ್ತು. ಗಾಳದ ಬೆಂಡು ಅಲ್ಲಾಡಿದ್ದೇ ತಡ, ದರ್ಜಿ ಅದನ್ನೇ ದಿಟ್ಟಿಸಿದ. ಆಗಲೇ ದೋಣಿಯ ಸುತ್ತ ಸಣ್ಣ ಸಣ್ಣ ಅಲೆ ಎದ್ದವು. ಮೀನು ಪರಾರಿ. ಅಂಗಡಿಯಲ್ಲೂ ಹೀಗೇ: ಅವನ ಕಣ್ಣು ಸೂಜಿಯ ಮೇಲೆ ನೆಟ್ಟರೆ ಸಾಕು, ಕಾಲು ತಾನಾಗಿ ತುಳಿಯತೊಡಗುತ್ತದೆ.

“ರೀ, ಅಲ್ಲಿ ಯಾವ ಮಿಷಿನ್ ಇದೆ ಅಂತ ತುಳೀತಿದ್ದೀರಾ? ಕಾಲು ನಿಲ್ಸಿ!”

ನಲವತ್ತು ವರ್ಷ ತುಳಿದ ಕಾಲು ಹೇಳಿದ ಮಾತು ಕೇಳುತ್ತದೆಯೇ? ಕೊನೆಗೆ ಗುಂಡಿ ಹಚ್ಚಲು ಕೂರುವಂತೆ ಚಕ್ಕಳಮಕ್ಕಳ ಹಾಕಿ ಕೂತ. ಅರ್ಧ ಗಂಟೆಯಲ್ಲಿ ಮೀನು ಸಿಕ್ಕಿತು.

ದಡಕ್ಕೆ ಬಂದವನೇ ಕೊರಳಲ್ಲಿದ್ದ ಟೇಪು ತೆಗೆದು ಅಳೆದ. “ಉದ್ದ ಏಳು. ಎದೆ ಸುತ್ತಳತೆ ಐದೂವರೆ.”

“ಬಟ್ಟೆ ಯಾವಾಗ ಕೊಡ್ತೀರಿ ಅಂತ ಅದಕ್ಕೆ ಹೇಳಿಬಿಡಿ,” ಎನ್ನುತ್ತ ಹೆಂಡತಿ, ಮನೆಗೆ ಒಯ್ಯಲು ದೋಣಿಯ ಒಂದು ತುದಿ ಎತ್ತಿ ಹಿಡಿದಳು.