ಮರಗಾಲಿನ ಗುರುತು

ಎರಡು ಮರದ ಕಾಲುಗಳು ನನ್ನೆದುರು ಬಂದು ನಿಂತವು. ತಲೆಯೆತ್ತಿದರೆ, ಬೇವಿನ ಟೊಂಗೆಯ ಎತ್ತರದಲ್ಲಿ ಬೆವರಿಳಿಯುವ ಒಂದು ಮುಖ. ಮರಗಾಲು ಕಟ್ಟಿಕೊಂಡು ಬನಹಟ್ಟಿಯಿಂದ ಶ್ರೀಶೈಲಕ್ಕೆ ಹೊರಟ ಪಾದಯಾತ್ರಿ! ನಾನೋ, ಮುಧೋಳದಿಂದ ಬೀಳಗಿ ಹಾದು ಜಮಖಂಡಿ ಮುಟ್ಟಬೇಕಾದ ಅಲ್ಟ್ರಾ ಮ್ಯಾರಥಾನ್‌ನಲ್ಲಿ, ಇನ್ನು ಸಾಕಪ್ಪಾ ಎಂದು ಬೂಟು ಬಿಚ್ಚಿ ಆ ಮರದ ಬುಡದಲ್ಲಿ ಕುಳಿತಿದ್ದೆ.

ತಮ್ಮ ಜೊತೆಯ ಯಾತ್ರಿಗಳು ಕೊಟ್ಟ ಮಜ್ಜಿಗೆಯನ್ನು ಅವರು ಮರಕ್ಕೆ ಒರಗಿ ನಿಂತೇ ಕುಡಿದರು. "ನೀವೂ ಸ್ವಲ್ಪ ಕೂಡ್ರಿ" ಎಂದೆ.

"ಕುಂತ್ರ ಮತ್ತ ಎಬ್ಬಸಾಕ ನಾಕ ಮಂದಿ ಬೇಕ್ರೀ" ಎಂದು ನಕ್ಕರು. "ನಿಮ್ಮ ಕಾಲು ನೆಲದ ಮ್ಯಾಲ ಅದಾವ. ಏಳ್ರಿ, ಏಳ್ರಿ."

ಟಕ್ ಟಕ್ ಎನ್ನುತ್ತಾ, ನಾನು ಓಡಿ ಬಂದಿದ್ದ ಬೀಳಗಿಯ ಕಡೆಗೆ ಹೊರಟೇಬಿಟ್ಟರು. ಶ್ರೀಶೈಲ ಅವರಿಗೆ ಇನ್ನೂ ಎಷ್ಟೋ ದಿನಗಳ ದಾರಿ. ನಾನು ಬೂಟು ಕಟ್ಟಿಕೊಂಡೆ.

ಜಮಖಂಡಿಯವರೆಗೂ ರಸ್ತೆಯಂಚಿನ ಮಣ್ಣಿನಲ್ಲಿ ಆ ಮರಗಾಲುಗಳ ದುಂಡನೆಯ ಗುರುತುಗಳು ನನಗೆ ಎದುರಾಗುತ್ತಲೇ ಇದ್ದವು. ನನ್ನ ಓಟ ಮುಗಿದ ಗೆರೆಯಾಚೆಗೂ ಅವು, ಅವರು ನಡೆದು ಬಂದಿದ್ದ ಬನಹಟ್ಟಿಯ ಕಡೆಗೆ ಸಾಲಾಗಿ ಕಾಣುತ್ತಿದ್ದವು. ಕೊರಳಿಗೆ ಪದಕ ಹಾಕುವಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಆ ಮಣ್ಣನ್ನೇ ನೋಡುತ್ತಿದ್ದೆ.