ಹೊಗೆ ನಿಲ್ಲುವತನಕ ಕಾಯುವ ಮುದುಕವ್ವ

"ತಿನ್ನೋ! ಮೊದ್ಲು ನೀ ತಿನ್ನು. ಆಮ್ಯಾಲ ಮಂದಿಗೆ ಮಾರಾಕ ಹೋಗು!"

ಮುದುಕವ್ವನ ಅಂಗೈಯಲ್ಲಿ ಹೊಸ ಕಾವಲಿಯ ಮೇಲೆ ಆಗಷ್ಟೇ ಬೇಯಿಸಿದ ಬಿಸಿ ಜೋಳದ ರೊಟ್ಟಿ. ತಳ ಮಸಿಯಾಗಿದೆ, ಸೀಮೆಎಣ್ಣೆಯಂಥ ವಾಸನೆ ಹೊಡೆಯುತ್ತಿದೆ. ಎದುರಿಗೆ ನಿಂತ ಸೂಪರ್‌ವೈಸರ್ ಮನು ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ.

"ಅಕ್ಕಾ, ಬೆಳ್‌ಬೆಳಗ್ಗೆ ಸೀನ್ ಮಾಡ್ಬೇಡಿ. ಸಂಜೆಗೆ ಮುನ್ನೂರು ಪೀಸ್ ಲೋಡ್ ಆಗ್ಬೇಕು. ಕಾವಲಿ ಮೇಲೆ ಇನ್ನೊಂದ್ಸಲ ಎಣ್ಣೆ ಒರ್ಸಿ ಕೊಟ್ಬಿಡಿ, ಸಾಕು."

"ಹೊಲಸು ಒಳಗಿಟ್ಟು ಮ್ಯಾಲ ಎಣ್ಣಿ ಒರಸ್ಲೇನು? ನಿನ್ನ ಕೂಸಿಗೆ ಇದರಾಗ ದ್ವಾಸಿ ಹುಯ್ದು ಕೊಡ್ತಿ ಏನು?"

ಮನು ರೊಟ್ಟಿಯನ್ನು ಮುಟ್ಟುವುದಿಲ್ಲ.

ಪೀಣ್ಯ ಎರಡನೇ ಹಂತದ ಈ ತಗಡಿನ ಶೆಡ್ಡಿಗೆ ಬೀಡು ಕಬ್ಬಿಣದ ಕಾವಲಿಗಳು ಫೌಂಡ್ರಿಯಿಂದ ಬರುತ್ತವೆ. ತುಕ್ಕು ಹಿಡಿಯದಿರಲೆಂದು ಅಲ್ಲಿಯೇ ಒಂದು ದಪ್ಪ ಎಣ್ಣೆ ಬಳಿದಿರುತ್ತಾರೆ. ಅದು ಯಂತ್ರಕ್ಕೆ ಸರಿ, ಹೊಟ್ಟೆಗಲ್ಲ. ಅದನ್ನು ತೆಗೆಯುವುದೇ ಮುದುಕವ್ವನ ಮೊದಲ ಕೆಲಸ. ಬಿಸಿನೀರು, ಸೀಗೆಪುಡಿ ಹಾಕಿ ತಿಕ್ಕಬೇಕು. ಹೊಗೆ ಪೂರಾ ನಿಲ್ಲುವತನಕ ಒಲೆಯ ಮೇಲೆ ಕಾಯಿಸಬೇಕು. ಒಂದು ರಾತ್ರಿ ಅಕ್ಕಿ ಗಂಜಿಯಲ್ಲಿ ಮುಳುಗಿಸಿಡಬೇಕು. ಆಮೇಲೆ ಕುಸುಬೆ ಎಣ್ಣೆ ಸವರಿ, ಸವರಿದ್ದೇ ಸುಳ್ಳೆನ್ನುವಷ್ಟು ಒರೆಸಿ, ಮತ್ತೆ ಕಾಯಿಸಬೇಕು. ಹೀಗೆ ಆರು ಸಲ. ಒಂದು ಕಾವಲಿ ಪಳಗಲು ಮೂರು ದಿನ ಬೇಕು.

"ಅವಸರ ಮಾಡಿದ್ರ ಹಂಚು ಕಲಿಯಂಗಿಲ್ರೀ. ಅದೂ ಹಸಗೂಸಿದ್ದಂಗ," ಎನ್ನುತ್ತಾಳೆ ಕುಷ್ಟಗಿ ಕಡೆಯ ಈ ಹೆಂಗಸು. ಅವಳ ಊರಲ್ಲಿ ಕಾವಲಿಗೆ ಹಂಚು ಎನ್ನುತ್ತಾರೆ.

ದಿನಕ್ಕೆ ನಲವತ್ತು ಕಾವಲಿ. ಒಂದೊಂದೂ ಎರಡೂವರೆ ಕಿಲೋ. ತೊಳೆಯಲು, ಕಾಯಿಸಲು, ಒರೆಸಲು ಒಂದೊಂದನ್ನೂ ಹತ್ತು ಸಲವಾದರೂ ಎತ್ತಬೇಕು. ಲೆಕ್ಕ ಹಾಕಿ ನೋಡಿ: ಐವತ್ತೆರಡರ ಈ ಜೀವ ದಿನವೂ ಒಂದು ಟನ್ ಕಬ್ಬಿಣ ಎತ್ತುತ್ತದೆ. ಒಂದು ಜೊತೆ ದಪ್ಪ ಕೈಗವಸು ಕೇಳಿ ವರ್ಷವಾಯಿತು, ಬಂದಿಲ್ಲ. ಆದರೆ ಅವಳ ಫೋಟೊ ತೆಗೆಯಲು ಮಾತ್ರ ಕ್ಯಾಮೆರಾದವನು ಓಡೋಡಿ ಬಂದ. ಈಗ ಕಾವಲಿಯ ಡಬ್ಬಿಗಳ ಮೇಲೆಲ್ಲ ಅವಳ ನಗುಮುಖ, ಕೆಳಗೆ 'ಅಜ್ಜಿಯ ಕೈಯಲ್ಲಿ ಪಳಗಿದ್ದು' ಎಂಬ ಸಾಲು. ಬ್ರೂಕ್‌ಫೀಲ್ಡಿನ ಫ್ಲಾಟುಗಳಲ್ಲಿ ಆ ಮುಖವನ್ನು ನಂಬಿಯೇ ಜನ ಡಬ್ಬಿ ಬಿಚ್ಚುತ್ತಾರೆ. ನಾಚಿಕೆ ಎಂಬುದು ಈ ಮಾಲೀಕರ ಬಳಿ ಸುಳಿದಿದ್ದರೆ ಕೇಳಿ!

ಪ್ರತಿ ಸರಕಿನಲ್ಲೂ ಒಂದು ಕಾವಲಿ ಆರಿಸಿ, ರೊಟ್ಟಿ ಬೇಯಿಸಿ, ತಾನು ತಿಂದು ನೋಡುವುದು ಮುದುಕವ್ವನ ಪದ್ಧತಿ. ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ನಿನ್ನೆ ಅವಳು ಮನೆಗೆ ಹೋದ ಮೇಲೆ ಮನು ಬೇರೆಯವರಿಂದ ತೊಳೆಯದ ಮುನ್ನೂರು ಹಸಿ ಕಾವಲಿಗಳಿಗೇ ಎಣ್ಣೆ ಬಳಿಸಿದ್ದು ಇವತ್ತು ಬಯಲಾದದ್ದು ಆ ರೊಟ್ಟಿಯಿಂದಲೇ.

"ಹತ್ತು ದಿನ ಕೊಡ್ರಿ. ಅಷ್ಟೂ ತೊಳದು ಕೊಡ್ತೀನಿ," ಎಂದು ಅವಳು ದನಿ ತಗ್ಗಿಸುತ್ತಾಳೆ.

ಮನು ಮಾಲೀಕರಿಗೆ ಫೋನು ಮಾಡುತ್ತಾನೆ. ಮಾತು ಅರ್ಧ ನಿಮಿಷವೂ ಆಗುವುದಿಲ್ಲ. "ಆಗಲ್ವಂತೆ ಅಕ್ಕಾ. ಸೇಲ್ ನಾಳೆನೇ ಸ್ಟಾರ್ಟು."

"ಹಂಗಾರ ನನ್ನ ಮಾರಿ ತಗೀರಿ ಡಬ್ಬಿ ಮ್ಯಾಲಿಂದ."

"ಪ್ರಿಂಟಾಗಿ ಬಂದ್ಬಿಟ್ಟಿದೆ, ಏನ್ ಮಾಡ್ಲಿ?"

ಮುದುಕವ್ವ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾಳೆ. ಮೂಲೆಯಲ್ಲಿದ್ದ ತನ್ನ ಕುಸುಬೆ ಎಣ್ಣೆಯ ಕ್ಯಾನು ಎತ್ತಿಕೊಂಡು ಗೇಟು ದಾಟುತ್ತಾಳೆ. ಸೆಕ್ಯುರಿಟಿಯವನು ತಿಂಡಿಗೆ ಹೊರಟಳೆಂದುಕೊಂಡು ರಿಜಿಸ್ಟರಿನಲ್ಲಿ ಬರೆಯುವುದೂ ಇಲ್ಲ.

ಆ ಸಂಜೆಯೇ ಮುನ್ನೂರೂ ಲೋಡಾಗಿ ಹೋಗಿವೆ. ಆ ವಾರ ಅವಳನ್ನು ಕೆಲಸಕ್ಕೆ ಕರೆಯಲು ಮನು ನಾಲ್ಕು ಸಲ ಫೋನು ಮಾಡಿದ್ದಾನೆ. ನಾಲ್ಕು ಸಲವೂ ಅವಳದು ಒಂದೇ ಉತ್ತರ: "ಮುನ್ನೂರೂ ವಾಪಸ್ ತರಿಸಿ ಇಡು. ಬಂದು ತೊಳೀತೀನಿ."

ಒಂದೂ ವಾಪಸ್ ಬಂದಿಲ್ಲ. ಮುದುಕವ್ವನೂ ಹೋಗಿಲ್ಲ.