ಅರ್ಧ ಗಡ್ಡ

ತರೀಕೆರೆ ರೈಲಿಗೆ ಇನ್ನೂ ಹೊತ್ತಿದೆಯೆಂದು ಬೀರೂರಿನ ಮುನೀರಣ್ಣನ ಕಟಿಂಗ್ ಶಾಪಿಗೆ ಹೋದೆ. ಅವನು ಅರ್ಧ ಗಡ್ಡ ಕೆರೆದು ಕತ್ತಿ ಮಡಚಿಟ್ಟುಬಿಟ್ಟ.

"ನಿಮ್ಮ ಎಡಗೆನ್ನೆ ತಾನಾಗೇ ಸೆಳೆದಾಗೆಲ್ಲ ಎಡಗೈನೂ ಸೆಟೆದುಕೊಳ್ತೈತೆ ಸಾರ್. ಕೂತಾಗಿಂದ ಐದು ಸಲ. ಮೊದ್ಲು ಡಾಕ್ಟ್ರಿಗೆ ತೋರ್ಸಿ."

"ಉಳಿದರ್ಧ?" ಸಿಟ್ಟಿನಿಂದಲೇ ಕೇಳಿದೆ.

"ವಾಸಿಯಾಗ್ಲಿ, ಮಾಡ್ತೀನಿ."

ಆ ಸೆಳೆತ ಬರೀ ನಿಶ್ಶಕ್ತಿಯೆಂದು ತಿಂಗಳುಗಟ್ಟಲೆ ಟಾನಿಕ್ ಕುಡಿದವನು, ಅರ್ಧ ಗಡ್ಡದಲ್ಲೇ ಹೋಗಿ ನರರೋಗದ ಡಾಕ್ಟರಿಗೆ ಅವನ ಮಾತನ್ನೇ ಒಪ್ಪಿಸಿದೆ.

"ಇದನ್ನ ಗಮನಿಸಿದ್ದು ಯಾರ್ರೀ?" ಎಂದು ಅವರು ನೆಟ್ಟಗೆ ಕೂತರು.

ಅದು ಫಿಟ್ಸ್ ಅಂತೆ. ರೋಗದ ವಿರುದ್ಧ ಹೋರಾಡಬೇಕಾದ ನನ್ನ ದೇಹದ ಶಕ್ತಿಯೇ ಮಿದುಳಿನ ಮೇಲೆ ತಿರುಗಿಬಿದ್ದು ಉರಿಯೂತ ತಂದಿತ್ತು.

ಸ್ಟಿರಾಯ್ಡ್ ತಗೊಂಡು, ವಾಸಿಯಾಗಿ, ಉಳಿದರ್ಧ ಕೇಳಲು ಮತ್ತೆ ಶಾಪಿಗೆ ಹೋದೆ. ಮುನೀರಣ್ಣ ಮೊದಲು ನನ್ನ ಕೈ ನೋಡಿದ, ಆಮೇಲೆ ಔಷಧಿಗೆ ಊದಿದ ಮುಖ.

"ಕೈ ಸುಮ್ನಾಗೈತೆ. ಆದ್ರೆ ನಾನು ಒಪ್ಕೊಂಡಿದ್ದು ಆ ಹಳೇ ಮುಖದ ಅರ್ಧ ಸಾರ್!"